ಲಕೋಟೆಯನ್ನು ಒಡೆಯಗೊಡದ ಅಕ್ಕನಿಗೆ

ಡಾಬರ್‌ಮನ್ ನಾಯಿಗಳ ಹಿಗ್ಗಿ ದುರ್ಬಲವಾದ ಹೃದಯಕ್ಕೆ ಆಕರಕೋಶಗಳನ್ನು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು) ಕೊಟ್ಟು ಪರೀಕ್ಷಿಸುವ ನಮ್ಮ ಅಧ್ಯಯನ ಮುಗಿದು, ಅದರ ಅಂತಿಮ ವರದಿಯನ್ನೂ ಸಲ್ಲಿಸಿದ್ದಾಯಿತು. ಸುದ್ದಿ ತಿಳಿದ ಸ್ನೇಹಿತರು ಅಭಿನಂದನೆಗಳನ್ನು ಕಳುಹಿಸುತ್ತಿದ್ದಾರೆ. ಅವನ್ನು ಸಂತೋಷದಿಂದಲೇ ಸ್ವೀಕರಿಸುತ್ತೇನೆ, ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಕರಕೋಶಗಳಿಂದ ನಾಯಿಗಳಿಗೆ ಹಾನಿಯಾದದ್ದು ನಮಗೆ ಕಾಣಲಿಲ್ಲ. ಹೃದಯದ ಬಲ, ಶಬ್ದತರಂಗಗಳಿಂದ ಅದನ್ನು ಪರದೆಯ ಮೇಲೆ ನೋಡುವ ಎಕೋ ಪರೀಕ್ಷೆಯ ಅಳತೆಗೆ ಸಿಗುವಷ್ಟು ಹೆಚ್ಚಿದ್ದೂ ಕಾಣಲಿಲ್ಲ. ಅಧ್ಯಯನದಲ್ಲಿದ್ದ ನಾಯಿಗಳ ಸಂಖ್ಯೆ ಚಿಕ್ಕದಾದ್ದರಿಂದ, ಸಣ್ಣ ಪ್ರಯೋಜನವೇನಾದರೂ ಇದ್ದಿದ್ದರೂ ಅದು ನಮ್ಮ ಕಣ್ಣು ತಪ್ಪಿಸಿಕೊಂಡಿರಬಹುದು. ಇಷ್ಟನ್ನು ನಿಸ್ಸಂಕೋಚವಾಗಿ ಹೇಳಲು ಸಾಧ್ಯವಾದದ್ದು ಯಾರಿಂದ ಎಂಬುದನ್ನು ದಾಖಲಿಸುವುದಕ್ಕೇ ಈ ಬರಹ.

ಹೃದಯದ ಸ್ನಾಯು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದರಲ್ಲಿ ಬಹಳ ಹಿಂದುಳಿದಿದೆ. ಮನುಷ್ಯರ ಹೃದಯದಲ್ಲಿ 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಸ್ನಾಯುಕೋಶಗಳು ಮಾತ್ರ ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ್ದ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಗುರುತನ್ನು ಹಿಡಿದು ಆ ಅಧ್ಯಯನದವರು ಕೋಶಗಳ ವಯಸ್ಸನ್ನು ಲೆಕ್ಕ ಹಾಕಿದ್ದರು. ಜೀಬ್ರಾ ಮೀನಿನ ಹೃದಯದ ತುದಿಯನ್ನು ಕತ್ತರಿಸಿದರೂ ಅದು ಮತ್ತೆ ಬೆಳೆಯುತ್ತದೆ. ನಾಯಿಗೂ ನಮಗೂ ಆ ಭಾಗ್ಯವಿಲ್ಲ. ಡಾಬರ್‌ಮನ್‌ಗಳಿಗಾದರೋ ಈ ಕಾಯಿಲೆ ಪ್ರಯೋಗಾಲಯದಲ್ಲಿ ತರಿಸಿದ್ದಲ್ಲ, ವಂಶವಾಹಿಯಲ್ಲೇ ಬಂದದ್ದು. ಅನೇಕ ನಾಯಿಗಳಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದೆ ಅದು ವರ್ಷಗಟ್ಟಲೆ ಒಳಗೊಳಗೇ ಬೆಳೆಯುತ್ತದೆ.

ಕೊಬ್ಬಿನ ಅಂಗಾಂಶದಿಂದ ತೆಗೆದ ಆಕರಕೋಶಗಳು ಹೃದಯಕ್ಕೆ ಹೋಗಿ ಸ್ನಾಯುವಾಗಿಬಿಡುತ್ತವೆ ಎಂದು ನಾವು ನಂಬಿರಲಿಲ್ಲ. ಅವುಗಳಲ್ಲಿ ಬಹುಪಾಲು ಬೇಗನೆ ಸಾಯುತ್ತವೆ, ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಅವು ಸ್ರವಿಸುವ ಪದಾರ್ಥಗಳಿಂದ ಉರಿಯೂತ ತಗ್ಗಬಹುದು, ಉಳಿದಿರುವ ಸ್ನಾಯುವಿಗೆ ಆಸರೆಯಾಗಬಹುದು ಎಂಬಷ್ಟೇ ನಮ್ಮ ನಿರೀಕ್ಷೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಆಸೆಗೆ ಲಗಾಮು ಹಾಕಿಕೊಳ್ಳಲೇಬೇಕು. ಹೃದಯದಲ್ಲೇ ಆಕರಕೋಶಗಳಿವೆ ಎಂದು ಸಾರಿದ ಪಿಯೆರೊ ಅನ್ವೆರ್ಸಾ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕೆಂದು 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗ್‌ಹ್ಯಾಮ್ ಆಸ್ಪತ್ರೆ ಕೇಳಬೇಕಾಗಿ ಬಂತು. ಹೀಗಾಗಿ ಯಾವ ನಾಯಿಗೆ ಕೋಶಗಳು, ಯಾವುದಕ್ಕೆ ಬರಿಯ ಸಲೈನ್ ಎಂಬುದು ಕೊಡುವವರಿಗೂ ನೋಡಿಕೊಳ್ಳುವವರಿಗೂ ತಿಳಿಯದಂತೆ ಏರ್ಪಾಡು ಮಾಡಿದ್ದೆವು. ಕೋಶಗಳಿರುವ ದ್ರಾವಣ ತುಸು ಮಬ್ಬಾಗಿ ಕಾಣುವುದರಿಂದ ಎಲ್ಲ ಸಿರಿಂಜುಗಳಿಗೂ ಅಲ್ಯೂಮಿನಿಯಂ ಹಾಳೆ ಸುತ್ತುತ್ತಿದ್ದೆವು. ಗುಟ್ಟು ಇದ್ದದ್ದು ಮೊಹರು ಮಾಡಿದ ಲಕೋಟೆಗಳಲ್ಲಿ.

ಇನ್ನು ಅಕ್ಕನ ವಿಷಯ. ಅವರು ನಮ್ಮ ತೀವ್ರ ನಿಗಾ ಘಟಕದ ರಾತ್ರಿ ಪಾಳಿಯ ಶುಶ್ರೂಷಕಿ. ಹೆಸರು ಬರೆಯಕೂಡದು ಎಂದು ತಾಕೀತು ಮಾಡಿದ್ದಾರೆ, ಬರೆಯುವುದಿಲ್ಲ. ಅಧ್ಯಯನದ ನಡುವೆ ಬಂದ ಒಂದು ರಾತ್ರಿಯ ಮಾತು ಇದು. ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿಸಿಕೊಂಡು ಬಂದಿದ್ದ ನಾಯಿಯೊಂದರ ಹೃದಯದ ಲಯ ತಪ್ಪಿ, ಶ್ವಾಸಕೋಶದಲ್ಲಿ ನೀರು ತುಂಬತೊಡಗಿದಾಗ, ಮಲಗಿರುವ ನಾಯಿಯಲ್ಲಿ ನಿಮಿಷಕ್ಕೆ 30ರೊಳಗೆ ಇರಬೇಕಾದ ಉಸಿರು ಅದರ ದುಪ್ಪಟ್ಟಾಗಿತ್ತು. ನೀರಿಳಿಸುವ ಫ್ಯೂರೋಸೆಮೈಡ್, ಲಯ ಸರಿಪಡಿಸುವ ಲಿಡೊಕೇನ್, ಆಕ್ಸಿಜನ್ ಎಲ್ಲವನ್ನೂ ಕೊಟ್ಟಾಗಿತ್ತು. ಇನ್ನು ಮಾಡಲು ಉಳಿದದ್ದು ಕಾಯುವುದೊಂದೇ. ನಾವು ಕೊಟ್ಟ ಕೋಶಗಳೇ ಇದಕ್ಕೆ ಕಾರಣವಿರಬಹುದೇ ಎಂಬ ಯೋಚನೆ ನನ್ನನ್ನು ಕೂರಲೂ ಬಿಡುತ್ತಿರಲಿಲ್ಲ. ಲಕೋಟೆ ಮೇಜಿನ ಖಾನೆಯಲ್ಲಿತ್ತು.

ಖಾನೆ ಎಳೆದ ಸದ್ದಿಗೆ ಅವರು ತಿರುಗಿ ನೋಡಿದರು. “ಡಾಕ್ಟ್ರೇ, ಒಳಗೆ ಕೋಶ ಅಂತ ಬರೆದಿದ್ರೆ ಈಗ ಬೇರೆ ಔಷಧಿ ಕೊಡ್ತೀರಾ?” ಎಂದರು. ಇಲ್ಲವೆಂದೆ. “ಸಲೈನ್ ಅಂತಿದ್ರೆ?” ಆಗಲೂ ಇಲ್ಲ. “ಹಾಗಾದ್ರೆ ಅದನ್ನ ಅಲ್ಲೇ ಇಡಿ. ಬನ್ನಿ, ಈ ಸಲ ಉಸಿರು ನೀವು ಎಣಿಸಿ.”

ಬೆಳಗಿನವರೆಗೆ ಹದಿನೈದು ನಿಮಿಷಕ್ಕೊಮ್ಮೆ ಉಸಿರು, ನಾಡಿ, ಒಸಡಿನ ಬಣ್ಣ ಮೂರನ್ನೂ ಅವರು ಬರೆಯುತ್ತಾ ಹೋದರು. ಒಸಡನ್ನು ಹೆಬ್ಬೆರಳಿನಿಂದ ಒತ್ತಿ, ಬಿಳಿಚಿದ ಜಾಗಕ್ಕೆ ಕೆಂಪು ಮರಳಲು ಹಿಡಿದ ಹೊತ್ತನ್ನೂ ಪಕ್ಕದಲ್ಲೇ ನಮೂದಿಸಿದರು. ಪಾಳಿ ಮುಗಿದ ಮೇಲೂ ಅವರು ಮನೆಗೆ ಹೋಗಲಿಲ್ಲ. ಬೆಳಗಿನ ಪಾಳಿಯವರ ಕೈಗೆ ಕೇಸ್‌ಶೀಟ್ ಕೊಟ್ಟು ಪ್ರತಿಯೊಂದು ಸಾಲನ್ನೂ ಓದಿ ಹೇಳಿದ ನಂತರವೇ ಹೊರಟದ್ದು. ಉಸಿರು ಅಷ್ಟರಲ್ಲಿ ಹತೋಟಿಗೆ ಬಂದಿತ್ತು.

ಬಹಳ ತಿಂಗಳ ಮೇಲೆ, ಎಲ್ಲ ಅಳತೆಗಳೂ ಮುಗಿದು ಲಕೋಟೆಗಳನ್ನು ಒಡೆದಾಗ, ಆ ನಾಯಿಗೆ ಸಿಕ್ಕಿದ್ದು ಬರಿಯ ಸಲೈನ್ ಎಂದು ತಿಳಿಯಿತು. ಅಂದು ರಾತ್ರಿಯೇ ಒಡೆದಿದ್ದರೆ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ. ವ್ಯತ್ಯಾಸವಾಗುತ್ತಿದ್ದದ್ದು ಮುಂದಿನ ಪ್ರತಿಯೊಂದು ಎಕೋವನ್ನು ನೋಡುವ ನಮ್ಮ ದೃಷ್ಟಿಯಲ್ಲಿ. ಹಿಗ್ಗಿದ ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ಅಂಚನ್ನು ಪರದೆಯ ಮೇಲೆ ಗುರುತಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆ ಮಾಡಲು ಆಸೆಗೂ ಭಯಕ್ಕೂ ಎಷ್ಟು ಹೊತ್ತು ಬೇಕು? ಸಲೈನ್ ಪಡೆದ ನಾಯಿಗಳ ಮನೆಯವರಲ್ಲಿ ಕೆಲವರು ಕೂಡ “ಈಗ ಬಹಳ ಚುರುಕಾಗಿದೆ” ಎಂದು ಹೇಳಿದ್ದರು. ಅವರು ಸುಳ್ಳಾಡುತ್ತಿರಲಿಲ್ಲ, ಪ್ರೀತಿಯಿಂದ ನೋಡುತ್ತಿದ್ದರು. ನಮ್ಮ ಫಲಿತಾಂಶವನ್ನು ನಂಬಬಹುದಾದರೆ ಅದರ ದೊಡ್ಡ ಪಾಲು ಅಕ್ಕನದು, ಮತ್ತು ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಅಂಥವರಿಗೆ ಜಾಗವಿರುವುದಿಲ್ಲ ಎಂಬ ರೂಢಿಯನ್ನು ನಾನು ಒಪ್ಪುವುದಿಲ್ಲ.

ಆ ನಾಯಿ ಈಗಿಲ್ಲ. ಈ ತಳಿಯ ಅನೇಕ ನಾಯಿಗಳಿಗೆ ಆಗುವಂತೆ, ಯಾವ ಮುನ್ಸೂಚನೆಯೂ ಇಲ್ಲದೆ, ಅಂಗಳದಲ್ಲಿ ಓಡುತ್ತಿದ್ದಾಗಲೇ ಕುಸಿದು ಹೋಯಿತು. ಒಂದು ಗಂಟೆಯೊಳಗೆ ಅದರ ಮನೆಯವರು ತಾವಾಗಿಯೇ ಫೋನ್ ಮಾಡಿ, “ಹೃದಯ ನಿಮ್ಮ ಅಧ್ಯಯನಕ್ಕೆ ಬೇಕಲ್ಲವೇ, ಬನ್ನಿ” ಎಂದರು. ಉತ್ತರಿಸಲು ನನಗೆ ಬಾಯಿ ಬರಲಿಲ್ಲ. ಬೇಕು ಎನ್ನುವುದಾದರೂ ಹೇಗೆ, ಬೇಡ ಎನ್ನುವುದಾದರೂ ಹೇಗೆ? ಇವತ್ತಿಗೂ ಆ ಕರೆಯನ್ನು ನೆನೆದರೆ ಗಂಟಲು ಕಟ್ಟುತ್ತದೆ. ಆ ಹೃದಯದ ಅಂಗಾಂಶದಲ್ಲಿ ಸ್ನಾಯುವಿನ ಜಾಗವನ್ನು ಕೊಬ್ಬು ಮತ್ತು ನಾರು ಎಷ್ಟರಮಟ್ಟಿಗೆ ಆಕ್ರಮಿಸಿದ್ದವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ, ಒಮ್ಮೆ ಕೊಟ್ಟ ಕೋಶಗಳಿಂದ ಇಷ್ಟನ್ನು ಸರಿಪಡಿಸಬಹುದೆಂಬ ನಿರೀಕ್ಷೆಯೇ ಅತಿಯಾಗಿತ್ತೇನೋ ಅನ್ನಿಸಿತು. ಕಾಯಿಲೆ ಇಷ್ಟು ಮುಂದುವರಿಯುವ ಮೊದಲೇ, ಮೈಗೆ ಕಟ್ಟಿದ ಯಂತ್ರದಿಂದ ಹೃದಯಬಡಿತವನ್ನು ದಾಖಲಿಸುವ 24 ಗಂಟೆಗಳ ಹಾಲ್ಟರ್ ಪರೀಕ್ಷೆಯಲ್ಲಿ ಲಯದ ದೋಷ ಕಾಣಿಸಿಕೊಳ್ಳುವ ಹಂತದಲ್ಲೇ ಚಿಕಿತ್ಸೆ ಕೊಟ್ಟು ನೋಡಬೇಕೆಂದು ವರದಿಯಲ್ಲಿ ಬರೆದಿರುವುದು ಆ ಕುಟುಂಬದವರು ಕೊಟ್ಟದ್ದರ ಬಲದಿಂದ.

ನನ್ನ ಮಾರ್ಗದರ್ಶಕರು, ಕೋಶಗಳನ್ನು ಬೆಳೆಸಿ ದ್ರವ ಸಾರಜನಕದಲ್ಲಿ ಕಾಪಾಡಿದ ಪ್ರಯೋಗಾಲಯದ ಗೆಳೆಯರು, ಅಂಕಿಅಂಶಗಳ ಲೆಕ್ಕ ನೋಡಿದವರು, ಅನುದಾನ ಕೊಟ್ಟವರು, ನೈತಿಕ ಸಮಿತಿಯ ಸದಸ್ಯರು, ನಾಯಿಗಳನ್ನು ನಮ್ಮನ್ನು ನಂಬಿ ಒಪ್ಪಿಸಿದ ಎಲ್ಲ ಮನೆಯವರು ಮತ್ತು ನನ್ನ ಗೈರುಹಾಜರಿಯನ್ನು ಸಹಿಸಿಕೊಂಡ ನನ್ನ ಮನೆಯವರು, ಇವರೆಲ್ಲರಿಗೂ ಮನಃಪೂರ್ವಕ ವಂದನೆಗಳು.

ಮುಂದಿನ ತಂಡ ಕೋಶಗಳನ್ನು ಬಿಟ್ಟು, ಅವು ಹೊರಹಾಕುವ ಎಕ್ಸೋಸೋಮ್ ಎಂಬ ಸೂಕ್ಷ್ಮ ಚೀಲಗಳನ್ನೇ ಪರೀಕ್ಷಿಸಲಿದೆ. ರಾತ್ರಿಯ ದಾಖಲೆಗೆ ಅವರು ಅಕ್ಕ ಬಳಸುತ್ತಿದ್ದ ನಮೂನೆಯನ್ನೇ ಕೇಳಿ ಪಡೆದಿದ್ದಾರೆ. ಅಕ್ಕ ಅದನ್ನು ಕೊಡುವಾಗ ಒಂದು ತಿದ್ದುಪಡಿಯನ್ನೂ ಸೂಚಿಸಿದ್ದಾರೆ: ಒಸಡಿನ ಬಣ್ಣ ಬರೆಯುವ ಕಾಲಂ ಇನ್ನಷ್ಟು ಅಗಲವಾಗಿರಬೇಕಂತೆ.