ಅಜ್ಜಿಯ ಕೆನ್ನೆ ಈಗ ಬಿರಿಯುವುದಿಲ್ಲ, ಮಗಳೇ

ಇಳಕಲ್ಲ,
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ದೀಪಾವಳಿ ರಜೆ ಮುಗಿಸಿ ಮೈಸೂರಿಗೆ ಹೊರಡುವಾಗ ನೀನು ಸ್ಪಂಜಿನಲ್ಲಿ ಕಟ್ಟಿದ, ಒಳಗೆ ಕೈ ತೂರಿಸಿ ಆಡಿಸುವ ಅಜ್ಜಿಗೊಂಬೆಯನ್ನು ಅಟ್ಟದ ಮೇಲೆ, ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟು ಹೋದೆ. ಮರುದಿನವೇ ಅದನ್ನು ಅಂಗಡಿಗೆ ತಂದೆ. ಗೊಂಬೆಯಾಟದ ನಡುವೆ ಅಜ್ಜಿ ಬಾಯಿ ತೆರೆದಾಗಲೆಲ್ಲ ಕೆನ್ನೆಯ ಬಣ್ಣ ಹಕ್ಕಳೆಯಂತೆ ಉದುರಿತು, ಮುಂದೆ ಕುಳಿತ ಮಗು ಹೆದರಿ ಅತ್ತಿತು ಎಂದು ಫೋನಿನಲ್ಲಿ ಹೇಳುವಾಗ ನಿನ್ನ ದನಿ ನಡುಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಇಷ್ಟು ವರ್ಷ ಗಾದಿ, ಸೋಫಾಗಳ ಕೆಲಸ ಮಾಡಿದವನಿಗೆ ಸ್ಪಂಜಿನ ಗುಣ ಗೊತ್ತು. ನಿನ್ನ ಕತ್ತರಿಯಲ್ಲಿ ತಪ್ಪಿಲ್ಲ, ಮಗಳೇ. ಹಣೆಯ ಉಬ್ಬಿಗಾಗಿ ಸ್ಪಂಜನ್ನು ತ್ರಿಕೋನವಾಗಿ ಸೀಳಿ ತೆಗೆದು, ಎರಡೂ ಅಂಚಿಗೆ ಸೊಲ್ಯೂಷನ್ ಅಂಟು ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿದ್ದೀಯ. ಆ ಬೆಸುಗೆಯನ್ನು ಎಳೆದು ನೋಡಿದೆ, ಕೂದಲೆಳೆಯಷ್ಟೂ ಬಿಡಲಿಲ್ಲ. ಬಾಯಿಯೊಳಗಿನ ರಟ್ಟು ಮಾತ್ರ ಕೈಬೆವರಿಗೆ ಮೆತ್ತಗಾಗಿತ್ತು. ಅದಕ್ಕೆ ರೆಕ್ಸಿನ್ ಹೊದಿಸಿದ್ದೇನೆ.

ಕೆಟ್ಟದ್ದು ಬಣ್ಣದಲ್ಲಿ. ನೀನು ಸ್ಪಂಜಿಗೆ ರಬ್ಬರ್ ಹಾಲು, ಅಂದರೆ ಲೇಟೆಕ್ಸ್, ಬಳಿದು, ಅದು ಒಣಗಿದ ಮೇಲೆ ಬರಿಯ ಅಕ್ರಿಲಿಕ್ ಹಚ್ಚಿದ್ದೆ. ರಬ್ಬರ್ ಎಳೆದಂತೆ ಹಿಗ್ಗುತ್ತದೆ. ಅದರ ಮೇಲೆ ಕುಳಿತ ಬಣ್ಣ ಅಷ್ಟು ಹಿಗ್ಗಲಾರದೆ ಬಿರಿಯುತ್ತದೆ. ಇದಕ್ಕೆ ದಾರಿ ತೋರಿದವಳು ನಿನ್ನ ಅವ್ವ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ, "ಸೀರೆ ನೇಯ್ದ ಮೇಲೆ ಯಾರಾದರೂ ಬಣ್ಣ ಹಚ್ಚುತ್ತಾರೇನು? ನೂಲಿಗೇ ಬಣ್ಣ ಹಾಕಿ ಮಗ್ಗಕ್ಕೆ ಏರಿಸುತ್ತೇವೆ" ಎಂದಳು. ಅಂದೇ ಅಕ್ರಿಲಿಕ್ ಬಣ್ಣವನ್ನು ರಬ್ಬರ್ ಹಾಲಿನಲ್ಲೇ ಕಲಸಿದೆ.

ಕಲಸಿದಾಗ ಕಾಣುವ ಬಣ್ಣವನ್ನು ನಂಬಬೇಡ. ಹಾಲಿನ ಬಿಳುಪು ಒಣಗುತ್ತ ಮಾಯವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಬಟ್ಟಲಿನಲ್ಲಿ ಗೋದಿಹಿಟ್ಟಿನ ಬಣ್ಣವಿದ್ದದ್ದು ಸ್ಪಂಜಿನ ಚೂರಿನ ಮೇಲೆ ಬೆಲ್ಲದ ಬಣ್ಣವಾಯಿತು. ಮೂರು ಚೂರುಗಳ ಮೇಲೆ ಹಚ್ಚಿ ನೋಡಿದ ಮೇಲೆಯೇ ಅಜ್ಜಿಯನ್ನು ಮುಟ್ಟಿದೆ. ಒಂದೊಂದೇ ತೆಳು ಲೇಪ ಕೊಟ್ಟು, ಪೂರ್ತಿ ಒಣಗುವವರೆಗೆ ಕಾದೆ. ಮೂಗಿನ ತುದಿಯಲ್ಲಿ ಮೊದಲು ಬಿಳುಪು ಹೋಗುತ್ತದೆ, ಆಮೇಲೆ ಕೆನ್ನೆ, ಕೊನೆಗೆ ಕಣ್ಣಿನ ಗುಳಿ. ಗುಳಿಯಲ್ಲಿ ಹಾಲು ನಿಲ್ಲುತ್ತದೆ, ಅಲ್ಲಿ ಅವಸರ ಮಾಡಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಈಗ ನಾನು ಅಜ್ಜಿಯ ಬಾಯಿಯನ್ನು ನೂರು ಸಲ ತೆರೆದು ಮುಚ್ಚಿದೆ. ಒಂದು ಗೆರೆಯೂ ಬಿರಿಯಲಿಲ್ಲ.

ಹಾಲು ಹೆಪ್ಪುಗಟ್ಟದಿರಲಿ ಎಂದು ಅಮೋನಿಯಾ ಬೆರೆಸಿರುತ್ತಾರೆ, ಕಣ್ಣು ಉರಿಯುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ಕಿಟಕಿ ತೆರೆದೇ ಕೆಲಸ ಮಾಡು. ಬ್ರಷ್ಷನ್ನು ಮೊದಲು ಸಾಬೂನಿನ ನೀರಿನಲ್ಲಿ ಅದ್ದಿಕೊಂಡರೆ ಅದು ಉಳಿಯುತ್ತದೆ. ಒಣಗಿದ ಮುಖಕ್ಕೆ ಟಾಲ್ಕಂ ಪೌಡರ್ ಸವರು, ಇಲ್ಲವಾದರೆ ತುಟಿಗೆ ತುಟಿ ಅಂಟುತ್ತದೆ. ಎಣ್ಣೆ ಮಾತ್ರ ತಾಗಬಾರದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಿಂದ ನಾನು ಅಜ್ಜಿಯ ಎಡಗಿವಿ ಹಿಡಿದೆ. ಕೆಲವು ದಿನಗಳಲ್ಲಿ ಆ ಕಿವಿ ಜಿಗುಟಾಯಿತು. ಅದನ್ನು ಕೊಯ್ದು ಹೊಸ ಕಿವಿ ಕೂರಿಸಿದ್ದೇನೆ. ಬಿಸಿಲಿಗೂ ಇಡಬೇಡ, ಸ್ಪಂಜು ಹಳದಿಯಾಗಿ ಪುಡಿಯಾಗುತ್ತದೆ, ರಬ್ಬರೂ ಹಾಳಾಗುತ್ತದೆ.

ಅಮೆರಿಕದ ಗೊಂಬೆಯಾಟಗಾರ ಜಿಮ್ ಹೆನ್ಸನ್ 1955ರಲ್ಲಿ ತಾಯಿಯ ಹಳೆಯ ಕೋಟಿನಿಂದ ಕರ್ಮಿಟ್ ಎಂಬ ಗೊಂಬೆ ಮಾಡಿ, ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳುಗಳನ್ನು ಕಣ್ಣಾಗಿ ಇಟ್ಟನೆಂದು ನೀನೇ ಹೇಳಿದ್ದೆ. ನಿನ್ನ ಅವ್ವ ಅದನ್ನು ಮರೆತಿಲ್ಲ. ತನ್ನ ಹಳೆಯ ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಕತ್ತರಿಸಿ ಅಜ್ಜಿಗೆ ಉಡಿಸಿದ್ದಾಳೆ, ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದಿದ್ದಾಳೆ. ಆ ಸೆರಗಿಗೆ ಕತ್ತರಿ ಇಡುವ ಮುನ್ನ ಅವಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದಳು.

ಬುಧವಾರ ರಾತ್ರಿಯ ಬಸ್ಸಿಗೆ ಪೆಟ್ಟಿಗೆ ಕೊಡುತ್ತೇನೆ. ಅಜ್ಜಿಯ ತುಟಿಗೆ ನಾನು ಬಣ್ಣ ಹಚ್ಚಿಲ್ಲ. ನಗುವ ತುಟಿಯೋ ಸಿಟ್ಟಿನ ತುಟಿಯೋ ಗೊಂಬೆ ಕಟ್ಟಿದ ನಿನಗೇ ಗೊತ್ತು. ಸಣ್ಣ ಬಾಟಲಿಯಲ್ಲಿ ರಬ್ಬರ್ ಹಾಲು ಇಟ್ಟಿದ್ದೇನೆ, ಮುಚ್ಚಳ ಬಿಗಿಯಾಗಿದೆ, ಜೋಪಾನವಾಗಿ ತೆರೆ.

ಇಂತಿ,
ನಿನ್ನ ಅಪ್ಪ