ದಾವಣಗೆರೆಗೆ ಹೊರಟ ಮಗಳಿಗೆ

ಪುಟ್ಟಿ,

ನಿನಗೆ ದಾವಣಗೆರೆಯಲ್ಲಿ ಮೆಡಿಕಲ್ ಸೀಟು ಸಿಕ್ಕಿದ್ದು ಕೇಳಿ ಮನೆಮಂದಿಗೆಲ್ಲ ಹಿಗ್ಗು. ಬೆಣ್ಣೆದೋಸೆ ಊರಿಗೆ ಹೊರಟೆ ಅಂತ ಗೆಳತಿಯರಿಗೆ ಹೇಳಿದೆಯಂತೆ. ದೋಸೆ ತಿನ್ನು, ಬೇಡ ಅನ್ನಲ್ಲ. ಆದರೆ ಅದು ನಿನ್ನ ಅಜ್ಜ ದುಡಿದ ಊರು. ಸ್ವಲ್ಪ ತಿಳಿದುಕೊಂಡು ಹೋಗು.

ಒಂದು ಕಾಲಕ್ಕೆ ಅದು ಬೇತೂರಿನ ಮಗ್ಗುಲ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ವ್ಯಾಪಾರಸ್ಥರು ಬಂದು ನೆಲೆ ನಿಂತರು. ಅಂದಿನಿಂದ ಅದು ಪೇಟೆಯ ಊರೇ. ಸುತ್ತ ಎರೆಹೊಲ, ಹೊಲದಲ್ಲಿ ಹತ್ತಿ, ಊರಿಗೆ ರೈಲು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಬಂತು. ಆಮೇಲೆ ಇನ್ನೂ ಹಲವು ಮಿಲ್‌ಗಳು ಎದ್ದವು. ಜನ ಕರ್ನಾಟಕದ ಮ್ಯಾಂಚೆಸ್ಟರ್ ಅಂದರು.

ಆ ಹೆಸರಿನ ಒಳಗೆ ಏನಿತ್ತು ಅಂತ ನಿನಗೆ ಗೊತ್ತಿರಬೇಕು. ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಅದಕ್ಕೇ ಕಿಟಕಿ ಮುಚ್ಚಿ, ಒಳಗೆ ತೇವ ಹಿಡಿದಿಡುತ್ತಿದ್ದರು. ಆ ಸೆಕೆಯಲ್ಲಿ ಅರಳೆಯ ದೂಳು. ಅಜ್ಜ ಪಾಳಿ ಮುಗಿಸಿ ಬಂದರೆ ರೆಪ್ಪೆಯ ಮೇಲೂ ಹತ್ತಿ. ಹೀಗೆ ದುಡಿದವರೇ ಸಂಘ ಕಟ್ಟಿದರು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಊರು ಮೂರು ಸಲ ವಿಧಾನಸಭೆಗೆ ಕಳಿಸಿತು, ಕಮ್ಯೂನಿಸ್ಟ್ ಪಕ್ಷದಿಂದ.

ಸಂಘದವರಿಂದಲೇ ಮಿಲ್ ಮುಚ್ಚಿದವು ಅಂತ ಯಾರಾದರೂ ಹೇಳುತ್ತಾರೆ. ಸುಮ್ನೆ ತಲೆ ಆಡಿಸಬೇಡ. ಭದ್ರಾ ನಾಲೆಯ ನೀರು ಬಂದ ಮೇಲೆ ಹತ್ತಿಯ ಹೊಲಗಳೇ ಭತ್ತದ ಗದ್ದೆಗಳಾದವು. ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಸಿಗತೊಡಗಿತು. ಮಿಲ್‌ಗಳ ಯಂತ್ರ ಹಳತಾಗಿದ್ದವು. ನೀರು ಬಂದದ್ದು ರೈತನಿಗೆ ಒಳ್ಳೆಯದೇ ಆಯಿತು. ಆದರೆ ಕೆಲಸ ಕಳೆದುಕೊಂಡ ಮನೆಗಳ ಕಷ್ಟವನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಊರು ಮಾತ್ರ ಕೈಕಟ್ಟಿ ಕೂರಲಿಲ್ಲ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲೇ ಶುರುವಾಗಿತ್ತು, ನಿನ್ನ ಕಾಲೇಜು 1965ರದ್ದು. ಮಿಲ್ ಊರು ಕಾಲೇಜಿನ ಊರಾಯಿತು. ಡಿಸಿಎಂ (ದಾವಣಗೆರೆ ಕಾಟನ್ ಮಿಲ್) ಟೌನ್‌ಶಿಪ್, ಆಂಜನೇಯ ಮಿಲ್ ಬಡಾವಣೆ ಅಂತ ಹೆಸರುಗಳು ಉಳಿದಿವೆ. ನೀನು ಕಲಿಯಲಿರುವ ಜಿಲ್ಲಾಸ್ಪತ್ರೆಗೂ ಚಿಗಟೇರಿ ಎಂಬ ವ್ಯಾಪಾರಸ್ಥ ಮನೆತನದ್ದೇ ಹೆಸರು.

ಅಲ್ಲಿಗೆ ಮುದುಕರು ಬರುತ್ತಾರೆ. ಕೆಮ್ಮು, ಏದುಸಿರು. ಬೀಡಿ ಸೇದ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ನೀನು ಇನ್ನೊಂದು ಪ್ರಶ್ನೆ ಕೇಳು: ಮಿಲ್‌ನಲ್ಲಿ ಇದ್ರಾ? ಯಾವ ವಿಭಾಗ? ಎಷ್ಟು ವರ್ಷ? ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಎದೆ ಜಾಸ್ತಿ ಬಿಗೀತಿತ್ತಾ? ಹತ್ತಿ ದೂಳಿನ ಕಾಯಿಲೆಗೆ ಅದೇ ಗುರುತು. ಬಿಸಿನೋಸಿಸ್ ಅನ್ನುತ್ತಾರೆ. ಕಾರ್ಮಿಕರ ವಿಮೆಯ ಇ.ಎಸ್.ಐ. ಕಾಯ್ದೆಯ ಪಟ್ಟಿಯಲ್ಲೂ ಅದು ಕೆಲಸದಿಂದ ಬರುವ ಕಾಯಿಲೆ ಅಂತಲೇ ಇತ್ತು. ನಿನ್ನ ಅಜ್ಜನನ್ನು ಕೊನೆಯವರೆಗೂ ಯಾರೂ ಹಾಗೆ ಕೇಳಲಿಲ್ಲ ಮಗಳೇ. ಆ ಮುದುಕರು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರಿ. ದೊಡ್ಡ ಡಾಕ್ಟರು ಅವಸರ ಮಾಡಿದರೂ ಬರಿ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ