ನಮ್ಮ ವೆಸ್ಲಿ, ಅವರ ಕ್ಸೇವಿಯರ್: ಮಗಳಿಗೊಂದು ಪತ್ರ

ತುಮಕೂರು

ಪ್ರೀತಿಯ ಪುಟ್ಟಿಗೆ,

ಫೋನಿನಲ್ಲಿ ಮಾತು ಅರ್ಧಕ್ಕೇ ನಿಲ್ಲಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡ. ನೀನು ಕೇಳಿದ ವಿಷಯ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಪಕ್ಕದಲ್ಲಿ ನಿಮ್ಮಪ್ಪನ ಟಿವಿ ಬೇರೆ.

ನನಗೆ ಅರ್ಥವಾದದ್ದು ಇಷ್ಟು. ನಿನ್ನ ರೂಮ್‌ಮೇಟ್ ಮಂಗಳೂರಿನ ಕೊಂಕಣಿ ಹುಡುಗಿ, ಆರ್.ಸಿ., ಅಂದರೆ ರೋಮನ್ ಕ್ಯಾಥೊಲಿಕ್; ನಾವು ಪ್ರೊಟೆಸ್ಟೆಂಟರು. ಊಟಕ್ಕೆ ಕೂತಾಗ, ಪ್ರೊಟೆಸ್ಟೆಂಟ್ ಸುಧಾರಣೆ ನಡೆಸಿದ ಕ್ಯಾಲ್ವಿನ್, ಲೂಥರ್ ಮೇಲೆ ಮಾತಿಗೆ ಮಾತು ಬೆಳೆಯಿತು. ನಿಮ್ಮ ಕ್ಯಾಲ್ವಿನ್ ಒಬ್ಬ ಡಾಕ್ಟರನ್ನು ಜೀವಂತ ಸುಡಿಸಿದ, ನಿಮ್ಮ ಲೂಥರ್ ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಡಿ ಅಂತ ಬರೆದ ಅಂದಳು. ನೀನು ಸುಮ್ನಿರ್ತೀಯಾ? ಪೋಪಿಗೇ ಮಕ್ಕಳಿದ್ದರಲ್ಲ ಅಂದೆ. ಗೋವಾದಲ್ಲಿ ಜನರನ್ನು ಸುಡಿಸಿದ ಅಂತ ಅವರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹೆಸರು ತೆಗೆದೆ. ಕೊನೆಗೆ, ಸಾಯುವವರಿಗೆ ನೋವಿನ ಔಷಧಿ ಕೊಡಲಿಲ್ಲ ಅಂತ ಮದರ್ ತೆರೇಸಾ ಅವರನ್ನೂ ಎಳೆದು ತಂದೆ. ಈಗ ಇಬ್ಬರೂ ಮಾತು ಬಿಟ್ಟಿದ್ದೀರಿ. "ನೀನು ಹಿಸ್ಟರಿ ಟೀಚರ್ ಅಲ್ವಾ ಅಮ್ಮ, ಅವರ ಕಡೆಯ ಇನ್ನೊಂದೆರಡು ಗಟ್ಟಿ ವಿಷಯ ಹೇಳು" ಅಂತ ನನ್ನನ್ನು ಕೇಳ್ತೀಯ.

ಹೇಳ್ತೀನಿ. ಆದರೆ ನಿನಗೆ ಬೇಕಾದಷ್ಟೇ ಕತ್ತರಿಸಿ ಕೊಡಲ್ಲ, ಪೂರ್ತಿ ಹೇಳ್ತೀನಿ.

ಮೊದಲು ಅವಳು ಹೇಳಿದ ಡಾಕ್ಟರ್ ಕಥೆ. ಅದು ನಿಜ ಕಣೇ. ಅವನ ಹೆಸರು ಮೈಕೇಲ್ ಸರ್ವೀಟಸ್, ಸ್ಪೇನ್ ದೇಶದವನು. ಹೃದಯದ ಬಲಗಡೆಯಿಂದ ರಕ್ತ ಶ್ವಾಸಕೋಶಕ್ಕೆ ಹೋಗಿ ಎಡಗಡೆಗೆ ವಾಪಸ್ ಬರುತ್ತೆ ಅಂತ ನರ್ಸಿಂಗ್ ಮೊದಲ ವರ್ಷ ಬಾಯಿಪಾಠ ಮಾಡಿದೆಯಲ್ಲ, ಯೂರೋಪಿನಲ್ಲಿ ಅದನ್ನು ಮೊದಲು ಅಚ್ಚು ಹಾಕಿಸಿದವನು ಇವನೇ. ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಮುನ್ನೂರು ವರ್ಷ ಮೊದಲೇ ಬರೆದಿದ್ದ, ಆದರೆ ಅದು ಬೇರೆ ಕಥೆ. ವಿಚಿತ್ರ ಏನು ಅಂದರೆ, ಸರ್ವೀಟಸ್ ಇದನ್ನು ಬರೆದದ್ದು ದೇವರ ವಿಷಯದ ಒಂದು ಪುಸ್ತಕದಲ್ಲಿ. ಅದು ಹೊರಬಂದದ್ದು 1553ರಲ್ಲಿ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅಂತ ಸಭೆಗಳು ಹೇಳುವ ತ್ರಯೇಕ ದೇವರ ಬೋಧನೆ ಸರಿಯಿಲ್ಲ, ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದು ತಪ್ಪು ಅಂತಲೂ ಅದರಲ್ಲಿ ಬರೆದಿದ್ದ. ಆ ಕಾಲದಲ್ಲಿ ಇದಕ್ಕೆ ಎರಡು ಕಡೆಯವರಲ್ಲೂ ಕ್ಷಮೆ ಇರಲಿಲ್ಲ.

ಅವನು ಫ್ರಾನ್ಸಿನ ವಿಯೆನ್ ಅನ್ನೋ ಊರಿನಲ್ಲಿ ಬೇರೆ ಹೆಸರಿಟ್ಟುಕೊಂಡು ಡಾಕ್ಟರ್ ಆಗಿದ್ದ. ಅವನ ನಿಜವಾದ ಗುರುತನ್ನು ಅಲ್ಲಿನ ಕ್ಯಾಥೊಲಿಕ್ ವಿಚಾರಣೆಯವರಿಗೆ ತಿಳಿಸಿದ್ದು ಯಾರು ಗೊತ್ತಾ? ಜಿನೀವಾದಲ್ಲಿದ್ದ ಕ್ಯಾಲ್ವಿನ್‌ನ ಸ್ನೇಹಿತ. ಸರ್ವೀಟಸ್ ಹಿಂದೆ ಕ್ಯಾಲ್ವಿನ್‌ಗೆ ಬರೆದ ಕಾಗದಗಳನ್ನೇ ಸಾಕ್ಷಿಗೆ ಕಳಿಸಿದ. ಆ ಕಾಗದ ಬಂದದ್ದು ಕ್ಯಾಲ್ವಿನ್ ಕೈಯಿಂದ. ವಿಯೆನ್‌ನವರು ಹಿಡಿದು ಜೈಲಿಗೆ ಹಾಕಿದರು, ಅವನು ತಪ್ಪಿಸಿಕೊಂಡ. ಮನುಷ್ಯ ಸಿಗಲಿಲ್ಲ ಅಂತ ಜೂನ್‌ನಲ್ಲಿ ಅವನ ಚಿತ್ರವನ್ನೂ ಪುಸ್ತಕಗಳನ್ನೂ ಸುಟ್ಟರು. ಆಗಸ್ಟ್‌ನಲ್ಲಿ ಅವನು ಜಿನೀವಾಕ್ಕೆ ಬಂದು ಸಿಕ್ಕಿಬಿದ್ದ. ಅಕ್ಟೋಬರ್ 27ರಂದು ಶಾಂಪೆಲ್ ಗುಡ್ಡದ ಮೇಲೆ ಅವನನ್ನು ನಿಜವಾಗಿಯೇ ಸುಟ್ಟರು. ಸುಡುವುದು ಬೇಡ, ತಲೆ ಕಡಿಯಿರಿ ಅಂತ ಕ್ಯಾಲ್ವಿನ್ ಕೇಳಿಕೊಂಡಿದ್ದ. ಅವನ ದಯೆ ಅಷ್ಟಕ್ಕೇ ನಿಂತಿತು. ಸರ್ವೀಟಸ್ ಬರೆದ ಆ ಪುಸ್ತಕದ ಪ್ರತಿಗಳಲ್ಲಿ ಇಡೀ ಪ್ರಪಂಚದಲ್ಲಿ ಉಳಿದಿರುವುದು 3.

ಈಗ ನೋಡು. ಒಂದು ಕಡೆಯವರು ಸುಳಿವು ಕೊಟ್ಟರು, ಇನ್ನೊಂದು ಕಡೆಯವರು ಹಿಡಿದರು. ಒಬ್ಬರು ಚಿತ್ರ ಸುಟ್ಟರು, ಇನ್ನೊಬ್ಬರು ಮನುಷ್ಯನನ್ನು ಸುಟ್ಟರು. ಐನೂರು ವರ್ಷ ಆಗುತ್ತಾ ಬಂತು. ಅದೇ ಎರಡು ಕಡೆಯ ಇಬ್ಬರು ಹುಡುಗಿಯರು ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ಅವನ ಹೆಸರು ಹಿಡಿದು ಜಗಳ ಆಡ್ತಾರೆ. ಇಬ್ಬರಲ್ಲಿ ಯಾರಾದರೂ ಅವನ ಪರವಾಗಿ ಮಾತಾಡಿದಿರಾ? ಅವಳಿಗೆ ಕ್ಯಾಲ್ವಿನ್ ಬೀಳಬೇಕಿತ್ತು, ನಿನಗೆ ಕ್ಯಾಲ್ವಿನ್ ಉಳಿಯಬೇಕಿತ್ತು. ಸತ್ತವನು ಇಬ್ಬರಿಗೂ ಬೇಕಾಗಿರಲಿಲ್ಲ. ನನಗೆ ಇರುಸುಮುರುಸು ಆಗಿದ್ದು ಅಲ್ಲೇ.

"ಆ ಕಾಲವೇ ಹಾಗಿತ್ತು" ಅಂತ ನೀನು ಉತ್ತರ ಕೊಟ್ಟೆಯಂತೆ. ಅದು ಅರ್ಧ ನಿಜ. ಅದೇ ಕಾಲದಲ್ಲಿ ಸೆಬಾಸ್ಟಿಯನ್ ಕಾಸ್ಟೆಲಿಯೊ ಅಂತ ಒಬ್ಬ ಮೇಷ್ಟ್ರು ಇದ್ದ, ಪ್ರೊಟೆಸ್ಟೆಂಟೇ. ಒಂದು ಕಾಲಕ್ಕೆ ಕ್ಯಾಲ್ವಿನ್ ಜೊತೆ ಜಿನೀವಾದಲ್ಲೇ ಕೆಲಸ ಮಾಡಿದವನು. ಮನುಷ್ಯನನ್ನು ಸುಟ್ಟರೆ ಬೋಧನೆ ಉಳಿಯಲ್ಲ, ಮನುಷ್ಯ ಸಾಯ್ತಾನೆ ಅಷ್ಟೇ ಅಂತ ಎದ್ದು ನಿಂತು ಬರೆದ. ಅಂದರೆ ಆ ಕಾಲದಲ್ಲೂ ಗೊತ್ತಿದ್ದವರಿಗೆ ಗೊತ್ತಿತ್ತು. 1903ರಲ್ಲಿ ಕ್ಯಾಲ್ವಿನ್ ಅನುಯಾಯಿಗಳೇ ಶಾಂಪೆಲ್‌ನಲ್ಲಿ ಒಂದು ಕಲ್ಲು ನೆಟ್ಟು, ಇದು ತಪ್ಪು ಅಂತ ಕೆತ್ತಿಸಿದರು. ಆದರೂ ಅದು ಅವನ ಶತಮಾನದ ತಪ್ಪು ಅಂತ ಒಂದು ಮಾತು ಸೇರಿಸಿದ್ದಾರೆ. ನೋಡಿದೆಯಾ, ಕಲ್ಲಿನ ಮೇಲೂ ನಿನ್ನದೇ ಉತ್ತರ!

ಲೂಥರ್ ವಿಷಯದಲ್ಲಿ ಜಾಸ್ತಿ ಹೇಳಲ್ಲ. ನಮ್ಮ ಪಠ್ಯದಲ್ಲಿ 1517, ವಿಟೆನ್‌ಬರ್ಗ್, 95 ವಾದಗಳು, ಅಲ್ಲಿಗೆ ಮುಗೀತು. ಎಷ್ಟೋ ಮಕ್ಕಳು ಪೇಪರಿನಲ್ಲಿ "ಮಾರ್ಟಿನ್ ಲೂಥರ್ ಕಿಂಗ್" ಅಂತ ಬರೆದು ಬರ್ತಾರೆ, ನಾನು ಅರ್ಧ ಮಾರ್ಕು ಕೊಡ್ತೀನಿ. 1543ರಲ್ಲಿ ಯೆಹೂದ್ಯರ ಮೇಲೆ ಅವನು ಬರೆದದ್ದನ್ನು ಓದಿದರೆ ಹೊಟ್ಟೆ ತೊಳಸುತ್ತೆ. ನಿನ್ನ ರೂಮ್‌ಮೇಟ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಲೂಥರನ್ ಸಭೆಗಳ ವಿಶ್ವ ಒಕ್ಕೂಟವೇ 1984ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದಾಗ, ಆ ಬರಹ ನಮಗೆ ಬೇಡ ಅಂತ ಹೇಳಿತು. ಅವರೇ ಒಪ್ಪಿದ್ದನ್ನು ನೀನು ಯಾಕೆ ಸಮರ್ಥಿಸಿಕೊಳ್ಳಬೇಕು?

ಇನ್ನು ನೀನು ಅಂದದ್ದು. ಪೋಪ್ ಆರನೇ ಅಲೆಕ್ಸಾಂಡರ್ ಮಕ್ಕಳ ಕಥೆ ಬಿಟ್ಟುಬಿಡು. ಅವನ ಫೋಟೊ ಇಟ್ಟು ಮೇಣದಬತ್ತಿ ಹಚ್ಚುವ ಆರ್.ಸಿ. ಮನೆ ಒಂದೂ ಇಲ್ಲ. ಯಾರೂ ಪೂಜ್ಯ ಅಂತ ಇಟ್ಟುಕೊಳ್ಳದವನನ್ನು ಬೈದು ಏನು ಬಂತು?

ಕ್ಸೇವಿಯರ್ ವಿಷಯ ಹಾಗಲ್ಲ. ಅವರನ್ನು ಅವಳು ನಿಜವಾಗಿ ನಂಬ್ತಾಳೆ. 1546ರಲ್ಲಿ ಅವರು ಪೋರ್ಚುಗಲ್ ರಾಜನಿಗೆ ಪತ್ರ ಬರೆದು, ಗೋವಾಕ್ಕೆ ಇನ್‌ಕ್ವಿಸಿಷನ್ ಬೇಕು ಅಂತ ಕೇಳಿದ್ದು ನಿಜ. ಧರ್ಮ ತಪ್ಪಿದವರನ್ನು ಹಿಡಿದು ವಿಚಾರಿಸುವ ಕೋರ್ಟು ಅಂದುಕೋ. ಅವರು ತೀರಿಕೊಂಡದ್ದು 1552ರಲ್ಲಿ, ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಕೋರ್ಟು ಗೋವಾಕ್ಕೆ ಬಂದದ್ದು 1560ರಲ್ಲಿ. ಅಂದರೆ ಕೇಳಿದ್ದು ಅವರು, ನಡೆಸಿದ್ದು ಅವರಲ್ಲ. ನೀನು "ಗೋವಾದಲ್ಲಿ ಜನರನ್ನು ಸುಡಿಸಿದ" ಅಂದೆಯಲ್ಲ, ಅದು ತಪ್ಪು. ತಪ್ಪು ಎತ್ತಿ ತೋರಿಸುವವಳು ಮೊದಲು ಇಸವಿ ಸರಿ ಇಟ್ಟುಕೋಬೇಕು.

ಆ ಕೋರ್ಟಿಗೆ ಸಿಕ್ಕವರು ಯಾರು? ಜಾಸ್ತಿ ಜನ ಕ್ರೈಸ್ತರೇ. ಯೆಹೂದಿ ಮೂಲದವರು, ಹಿಂದೂಗಳಾಗಿದ್ದು ಮತಾಂತರ ಆದವರು. ಮನೆಯಲ್ಲಿ ಹಳೇ ಪದ್ಧತಿ ಉಳಿಸಿಕೊಂಡಿದ್ದೇ ಅಪರಾಧ. 1736ರ ಆಜ್ಞೆಯಲ್ಲಿ ತುಳಸಿ ಗಿಡ ಬೆಳೆಸುವುದನ್ನೂ ನಿಷೇಧಿಸಿದ್ದರು. 1684ರಲ್ಲಿ ವೈಸರಾಯ್, ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿ ಅಂತ ಹುಕುಂ ಹೊರಡಿಸಿದ. ಆ ಕೋರ್ಟಿನ ಜೈಲು ಹೇಗಿತ್ತು ಅಂತ ಪ್ರಪಂಚಕ್ಕೆ ಬರೆದು ತಿಳಿಸಿದವನು ಶಾರ್ಲ್ ದೆಲ್ಲೊಂ ಅನ್ನೋ ಫ್ರೆಂಚ್ ವೈದ್ಯ. ಅವನೂ ಕ್ಯಾಥೊಲಿಕ್, ಅದೇ ಜೈಲಿನಲ್ಲಿ ಇದ್ದು ಬಂದವನು.

ಈಗ ನಿನ್ನ ಪಕ್ಕದ ಮಂಚದವಳ ಕಡೆ ನೋಡು. ಮಂಗಳೂರಿನ ಕೊಂಕಣಿ ಕ್ರೈಸ್ತರ ಹಿರೀಕರು ಗೋವಾ ಬಿಟ್ಟು ಬಂದವರು. ಬರ, ಮರಾಠರ ದಾಳಿ, ತೆರಿಗೆ, ಹೀಗೆ ಕಾರಣ ಹಲವು. ಈ ಕೋರ್ಟಿನ ಹೆದರಿಕೆಯೂ ಅದರಲ್ಲಿ ಒಂದು. ನೀನು ಅವಳನ್ನು ಚುಚ್ಚೋಕೆ ಎತ್ತಿಕೊಂಡದ್ದು ಅವಳ ಅಜ್ಜಿಯ ಅಜ್ಜಿಯರೇ ಅನುಭವಿಸಿದ್ದಿರಬಹುದಾದ ಕಷ್ಟ. ಅವಳು ಮಾತು ಬಿಟ್ಟದ್ದು ಕ್ಸೇವಿಯರಿಗಾಗಿ ಮಾತ್ರ ಅಂತ ನನಗೆ ಅನ್ನಿಸಲ್ಲ.

ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ತೆಗೆದು ನೋಡು. ಅಂತಿಯೋಕ್ಯದಲ್ಲಿ ಪೌಲ ಎಲ್ಲರ ಎದುರಿಗೇ ಪೇತ್ರನ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಯಾಕೆ? ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುತ್ತಿದ್ದ ಪೇತ್ರ, ಯಾಕೋಬನ ಕಡೆಯ ಯೆಹೂದಿ ಕ್ರೈಸ್ತರು ಬಂದ ತಕ್ಷಣ ಹೆದರಿ ದೂರ ಸರಿದ. ಪಂಕ್ತಿಭೇದ ನಮ್ಮ ಕಡೆಗೆ ಹೊಸದಲ್ಲವಲ್ಲ, ಅದರ ಉರಿ ನಮಗೆ ಗೊತ್ತು. ತಟ್ಟೆ ಹಿಡಿದುಕೊಂಡು ಒಂಟಿಯಾಗಿ ಉಳಿದವರ ಪರವಾಗಿ ಪೌಲ ಮಾತಾಡಿದ. ಪೇತ್ರನಿಗೂ ತನಗೂ ಯಾರು ದೊಡ್ಡವರು ಅನ್ನೋದು ಅಲ್ಲಿ ವಿಷಯವೇ ಆಗಿರಲಿಲ್ಲ.

ಸರಿ, ನಮ್ಮ ಮನೆ ಕಡೆ ಬರೋಣ. "ನಿಮ್ಮ ಕ್ಯಾಲ್ವಿನ್" ಅಂದಾಗ ನೀನು ಹೂಂ ಅಂದುಕೊಂಡೆ. ನಮ್ಮ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಒಂದು ಕೂಡು ಕುಟುಂಬ ಕಣೇ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಇದ್ದವರೆಲ್ಲ ಒಂದೇ ಸೂರಿನಡಿ ಬಂದರು. ಕ್ಯಾಲ್ವಿನ್ ಆ ಮನೆಯ ಒಂದು ಕೋಣೆಯವನು. ನಾವು ತುಮಕೂರಿನವರು, ಮೆಥಡಿಸ್ಟ್ ಪಂಥ ಶುರು ಮಾಡಿದ ವೆಸ್ಲಿ ಕೋಣೆಯವರು. 1830ರ ದಶಕದಲ್ಲೇ ವೆಸ್ಲಿಯನ್ ಮಿಷನ್‌ನವರು ಗುಬ್ಬಿಗೆ ಬಂದು ಕೆಲಸ ಶುರು ಮಾಡಿದ್ದರು. ಜಾನ್ ವೆಸ್ಲಿಗೆ ಕ್ಯಾಲ್ವಿನ್ ಬೋಧನೆ ಕಂಡರೆ ಆಗುತ್ತಿರಲಿಲ್ಲ. ಯಾರು ಉಳೀತಾರೆ ಅಂತ ದೇವರು ಮೊದಲೇ ಬರೆದಿಟ್ಟಿದ್ದಾನೆ ಅನ್ನೋ ಮಾತಿಗೆ ಕೆಂಡ ಕಾರುತ್ತಿದ್ದರು.

ವೆಸ್ಲಿ ಅಂದರೆ ನನಗೆ ಪ್ರಾಣ. ಗುಲಾಮಗಿರಿ ವಿರುದ್ಧ 1774ರಲ್ಲೇ ಬರೆದರು. 1791ರಲ್ಲಿ ಸಾಯುವ ಮುಂಚಿನ ವಾರದಲ್ಲಿ, ಹೋರಾಟ ಬಿಡಬೇಡ ಅಂತ, ಗುಲಾಮರ ವ್ಯಾಪಾರದ ವಿರುದ್ಧ ಇಂಗ್ಲೆಂಡಿನ ಸಂಸತ್ತಿನಲ್ಲಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಕಾಗದ ಹಾಕಿದರು. ಜೊತೆಗಾರ ಬೋಧಕ ಜಾರ್ಜ್ ವೈಟ್‌ಫೀಲ್ಡ್ ಮಾತ್ರ 1770ರಲ್ಲಿ ಸಾಯುವವರೆಗೂ ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ. ಆದರೆ ನಮ್ಮ ಸಂಡೇ ಸ್ಕೂಲಿನಲ್ಲಿ ಯಾರೂ ಹೇಳದ ಒಂದು ಹೆಸರಿದೆ, ಮೇರಿ ವೆಜೀಲ್. ವೆಸ್ಲಿ ಅವರ ಹೆಂಡತಿ.

ಮಕ್ಕಳಿದ್ದ ವಿಧವೆ, 1751ರಲ್ಲಿ ಮದುವೆ. ಮದುವೆ ಆದ ಬೋಧಕ ಒಂದು ಪ್ರಸಂಗ ಕಡಿಮೆ ಮಾಡಿದರೂ, ಒಂದು ದಿನ ಕಡಿಮೆ ತಿರುಗಿದರೂ ದೇವರಿಗೆ ಏನು ಉತ್ತರ ಕೊಡ್ತಾನೆ ಅನ್ನೋದು ವೆಸ್ಲಿ ಲೆಕ್ಕ. ಕುದುರೆ ಹತ್ತಿ ಹೋದರೆ ಹೋದರೇ. ಬೇರೆ ಹೆಂಗಸರಿಗೆ ಆತ್ಮೀಯವಾಗಿ ಉದ್ದುದ್ದ ಕಾಗದ ಬರೆಯುತ್ತಿದ್ದರು. ಆತ್ಮದ ವಿಷಯವೇ ಇರಬಹುದು, ಆದರೆ ಮನೆಯಲ್ಲಿ ಕೂತವಳಿಗೆ ಆ ಕಾಗದ ಸಿಕ್ಕಾಗ ಏನನ್ನಿಸಬೇಕು ಹೇಳು? ಅವಳೂ ಸುಮ್ಮನೆ ಕೂರುವವಳಲ್ಲ. ಹಳೇ ಮೆಥಡಿಸ್ಟ್ ಪುಸ್ತಕಗಳಲ್ಲಿ ಅವಳು ಬಜಾರಿ. 1771ರಲ್ಲಿ ಮನೆ ಬಿಟ್ಟು ಹೋದಳು. ವೆಸ್ಲಿ ದಿನಚರಿಯಲ್ಲಿ ಲ್ಯಾಟಿನ್‌ನಲ್ಲಿ ಒಂದು ಸಾಲು ಬರೆದರು: ನಾನು ಅವಳನ್ನು ಬಿಟ್ಟಿಲ್ಲ, ಕಳಿಸಿಯೂ ಇಲ್ಲ, ಮತ್ತೆ ಕರೆಯುವುದೂ ಇಲ್ಲ. ಹತ್ತು ವರ್ಷದ ಮೇಲೆ ಅವಳು ತೀರಿಕೊಂಡಳು. ಮಣ್ಣಾದ ಮೇಲೆ ಗಂಡನಿಗೆ ಸುದ್ದಿ ಮುಟ್ಟಿತು.

ನಮ್ಮ ಮಹಿಳಾ ಕೂಟದಲ್ಲಿ ಒಮ್ಮೆ ಈ ಕಥೆ ಹೇಳಿದೆ. ಹಿರಿಯರೊಬ್ಬರು "ಅದೆಲ್ಲ ಯಾಕೆ ಈಗ, ದೊಡ್ಡವರ ವಿಷಯ" ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಂಗಸರು ಮಾತ್ರ ಆಮೇಲೆ ಟೀ ಕುಡಿಯುವಾಗ ನನ್ನ ಸುತ್ತ ಬಂದು ನಿಂತು, ಅವಳಿಗೆ ಆಮೇಲೆ ಏನಾಯಿತು, ಮಕ್ಕಳು ನೋಡಿಕೊಂಡರಾ ಅಂತ ಕೇಳಿದರು. ಕ್ರಿಸ್‌ಮಸ್‌ಗೆ ನಾವೆಲ್ಲ ಒಟ್ಟಿಗೆ ನಿಂತು, ವೆಸ್ಲಿ ತಮ್ಮ ಚಾರ್ಲ್ಸ್ ಬರೆದ ಹಾಡನ್ನೇ ಹಾಡಿದೆವು. ಯಾರ ನಂಬಿಕೆಯೂ ಅಲ್ಲಾಡಲಿಲ್ಲ.

ಮದರ್ ತೆರೇಸಾ ವಿಷಯ ಉಳೀತು. ನೀನು ಅಂದದ್ದು ಯಾರೋ ಅಂದದ್ದರ ಅರ್ಧ. 1994ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಸಂಪಾದಕರಾಗಿದ್ದ ರಾಬಿನ್ ಫಾಕ್ಸ್, ಕಲ್ಕತ್ತಾದ ಮನೆ ನೋಡಿ ಬಂದು ಬರೆದರು. ಸಾಯುತ್ತಿರುವವರಿಗೆ ಗಟ್ಟಿ ನೋವಿನ ಔಷಧಿ ಇರಲಿಲ್ಲ ಅಂದರು. ಮನೆ ಚೊಕ್ಕಟವಾಗಿತ್ತು, ಗಾಯ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು, ಅಕ್ಕರೆ ಇತ್ತು ಅಂತಲೂ ಬರೆದರು. ನರ್ಸ್ ಆಗುವವಳು ನೀನು. ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಯಾಕೆ ಸಿಗಲಿಲ್ಲ ಅನ್ನೋ ಪ್ರಶ್ನೆ ನಿನ್ನ ಬಾಯಿಗೆ ಒಪ್ಪುತ್ತೆ, ಅದನ್ನು ಧೈರ್ಯವಾಗಿ ಕೇಳು. ನಿನ್ನ ರೂಮ್‌ಮೇಟ್ ಕೂಡ ನರ್ಸೇ, ಅವಳಿಗೂ ಅದು ನಾಟುತ್ತೆ. ಕ್ಯಾಥೊಲಿಕ್ ಸಭೆಯಲ್ಲಿ ಸಂತ ಪಟ್ಟಕ್ಕೆ ಬಂದವರ ತಪ್ಪು ಹುಡುಕೋಕೆ ಅಂತಲೇ 1587ರಿಂದ ಒಬ್ಬ ಅಧಿಕಾರಿ ಇದ್ದ. ಜನ ಅವನನ್ನು ಸೈತಾನನ ವಕೀಲ ಅಂತ ಕರೀತಿದ್ದರು. 1983ರಲ್ಲಿ ಆ ಹುದ್ದೆಯ ಬಲ ಕಡಿಮೆ ಮಾಡಿದರು. ಆದರೂ ಮದರ್ ವಿಷಯದಲ್ಲಿ, ಅವರನ್ನು ಕಟುವಾಗಿ ಟೀಕಿಸಿದ ನಾಸ್ತಿಕ ಕ್ರಿಸ್ಟೋಫರ್ ಹಿಚಿನ್ಸ್‌ರನ್ನೇ ಕರೆಸಿ ಹೇಳಿಕೆ ತೆಗೆದುಕೊಂಡರು. 2016ರಲ್ಲಿ ಸಂತ ಪದವಿಯನ್ನೂ ಕೊಟ್ಟರು. ಪ್ರೊಟೆಸ್ಟೆಂಟರಲ್ಲಿ ನಮಗೆ ಅಂಥ ವಕೀಲನೇ ಇಲ್ಲ ನೋಡು, ಅದಕ್ಕೇ ಪಕ್ಕದ ಮನೆಯವರು ಆ ಕೆಲಸ ಮಾಡಿಕೊಡ್ತಾರೆ.

ಅವಳ ಜೊತೆ ಮಾತು ನೀನೇ ಶುರು ಮಾಡು. ಗೋವಾದ ಇಸವಿ ತಪ್ಪು ಹೇಳಿದೆ ಅಂತಲೇ ಶುರು ಮಾಡಬಹುದು. ಅವರ ಮನೆಯವರು ಯಾವ ಊರಿಂದ ಬಂದರು, ಅಜ್ಜಿ ಏನು ಕಥೆ ಹೇಳ್ತಾರೆ ಅಂತ ಕೇಳಿ ನನಗೆ ಬರಿ, ನನಗೆ ನಿಜವಾಗಿಯೂ ಕುತೂಹಲ ಇದೆ. ಸರ್ವೀಟಸ್ ಬಗ್ಗೆ ಅವಳು ಎಲ್ಲಿ ಓದಿದಳು ಅಂತಲೂ ಕೇಳು.

ರಜೆಗೆ ಅವಳನ್ನೂ ಕರೆದುಕೊಂಡು ಬಾ. ಚೇಳೂರು ಹಲಸು ಬರೋ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಭಾನುವಾರ ಅವಳಿಗೆ ಪೂಜೆಗೆ ಹೋಗಬೇಕಾದರೆ ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಬರ್ತಾರಂತೆ. ಮೆಸ್ ಫೀಸು ಇನ್ನೂ ಕಟ್ಟಿಲ್ಲ ಅನ್ನಿಸುತ್ತೆ, ಕಟ್ಟಿ ರಸೀದಿ ಕಳಿಸು.

ನಿನ್ನ
ಅಮ್ಮ